ಒಬ್ಬರಿಗೆ ಮಾತ್ರ

ಗೇಟಿನ ಬೀಗದ ಕೈ ಕೇಳಿದ್ದೇ ಮೇಘಶ್ರೀ ಮಾಡಿದ ತಪ್ಪು. ಕಾಂಪೌಂಡು ಹಾರಿ ಹೋಗಿದ್ದರೆ ಒಂದು ಕಾಲು ಉಳುಕುತ್ತಿತ್ತು, ಅಷ್ಟೆ.

"ಭಾನುವಾರ ಬೆಳಗ್ಗೆ ಐದಕ್ಕೆ ಹೋಗಬೇಕು ಆಂಟಿ. ಗೇಟಿನ ಕೀ ಬೇಕಿತ್ತು."

ಮನೆ ಓನರ್ ಸರ್ವಮಂಗಳಮ್ಮ ಅಕ್ಕಿ ಆರಿಸುತ್ತಿದ್ದವರು ತಲೆ ಎತ್ತಿದರು. ನ್ಯಾಮತಿಯ ಆ ಮನೆಯ ಮಹಡಿಯಲ್ಲಿ ಮೇಘಶ್ರೀ ಬಾಡಿಗೆಗೆ ಬಂದು ಮೂರು ವರ್ಷವಾಗಿತ್ತು.

"ಎಲ್ಲಿಗವ್ವ?"

"ಸಮುದ್ರ ನೋಡೋಕೆ."

"ಯಾರ ಜೊತೆ?"

"ಒಬ್ಳೇ."

ಮೊರ ನಿಂತಿತು. "ಪಾಪ," ಎಂದರು ಸರ್ವಮಂಗಳಮ್ಮ.

ಗಂಡ ತೀರಿಕೊಂಡ ಈ ಎರಡು ವರ್ಷದಲ್ಲಿ ಬೀದಿ ಅವಳ ಹೆಸರನ್ನೇ ಬದಲಾಯಿಸಿಬಿಟ್ಟಿತ್ತು. ಹಾಲಿನವನು ಅರ್ಧ ಲೀಟರು ಅಳೆದು ಪಾಪ ಎನ್ನುತ್ತಿದ್ದ. ಅವಳು ಇತಿಹಾಸ ಪಾಠ ಮಾಡುವ ಕಾಲೇಜಿನಲ್ಲಿ ಪ್ರಿನ್ಸಿಪಾಲರು ಎಲ್ಲರ ಪರೀಕ್ಷಾ ಕೆಲಸವನ್ನೂ ಅವಳ ಮೇಲೆ ಹೊರಿಸಿ, "ಮನೇಲಿ ನಿಮಗೇನು ಕೆಲ್ಸ, ಪಾಪ," ಎನ್ನುತ್ತಿದ್ದರು. ಅರಿಶಿನ ಕುಂಕುಮಕ್ಕೆ ಕರೆಯದ ಮನೆಗಳು ಪಿಂಚಣಿ ಅರ್ಜಿ ತುಂಬಿಸಲು ಮಾತ್ರ ತಪ್ಪದೆ ಕರೆದು, ಕಾಫಿ ಕೊಟ್ಟು, ಪಾಪ ಎನ್ನುತ್ತಿದ್ದವು. ಒಂದು ದಿನ ಕೂತು ಎಣಿಸಿದ್ದಳು. ಬೆಳಗಿನಿಂದ ಸಂಜೆಗೆ ಹನ್ನೊಂದು. ಅಳು ಯಾವತ್ತೋ ಬತ್ತಿತ್ತು. ಈಗ ಬರುತ್ತಿದ್ದದ್ದು ಸಿಟ್ಟು. ಅದೂ ಒಲೆಯ ಮೇಲಿನ ಹಾಲಿನ ಹಾಗೆ, ಯಾರೂ ನೋಡದಿರುವಾಗಲೇ ಉಕ್ಕುತ್ತಿತ್ತು.

ಆದ್ದರಿಂದಲೇ ಫೋನಿನಲ್ಲಿ ಆ ಜಾಹೀರಾತು ಕಂಡಾಗ ಅವಳು ಹಿಂದೆಮುಂದೆ ಯೋಚಿಸಲಿಲ್ಲ. 'ಪ್ರೈವೇಟ್ ಡೇ ಟೂರ್. ಕರಾವಳಿ ಪಟ್ಟಣಗಳು, ಪ್ರಾಚೀನ ಅವಶೇಷಗಳು. ನಿಮ್ಮದೇ ಕಾರು, ನಿಮ್ಮದೇ ಸಮಯ.' ಗೇರುಸೊಪ್ಪೆಯ ಹಳೆಯ ಬಸದಿ, ಹೊನ್ನಾವರ, ಕುಮಟಾ, ಮಿರ್ಜಾನ್ ಕೋಟೆ. 'ಎಷ್ಟು ಜನ?' ಎಂದು ಕೇಳಿತು ಫೋನು. 'ಒಬ್ಬರಿಗೆ ಮಾತ್ರ' ಎಂಬುದನ್ನು ಒತ್ತಿದಳು. ಫೋನು ಪಾಪ ಎನ್ನಲಿಲ್ಲ. ಅವಳಿಗೆ ಅಷ್ಟು ಸಾಕಾಗಿತ್ತು. ಸಮುದ್ರದ ಮುಂದೆ ಒಂದು ಗಂಟೆ. ಆ ಒಂದು ಗಂಟೆಯಲ್ಲಿ ಯಾರೂ ಆ ಶಬ್ದ ಆಡಬಾರದು. ತುರ್ತು ಸಂಪರ್ಕ ಎಂಬಲ್ಲಿ ಯಾರದಾದರೂ ನಂಬರು ಕೊಡಲೇಬೇಕಿತ್ತು. ಸರ್ವಮಂಗಳಮ್ಮನ ಗಂಡ ನಾಗರಾಜಪ್ಪನವರದು ಕೊಟ್ಟಳು. ಟ್ರಾವೆಲ್ಸಿನವರ ಮೆಸೇಜು ಅವರ ಫೋನಿಗೂ ಹೋಯಿತು. ಎರಡನೇ ತಪ್ಪು.

ಭಾನುವಾರ ಐದಕ್ಕೆ ಕೆಳಗಿಳಿದರೆ ಗೇಟಿನ ಮುಂದೆ ಏಳು ಸೀಟಿನ ಗಾಡಿ ನಿಂತಿತ್ತು.

"ನಾನು ಬುಕ್ ಮಾಡಿದ್ದು ಸಣ್ಣ ಕಾರು," ಎಂದಳು ಡ್ರೈವರಿಗೆ.

ಅವನು ತಿಮ್ಮೇಶ್, ಜಗಳೂರು ಕಡೆಯ ಬಿಳಿಚೋಡಿನವನು. "ಮನೆಯವ್ರು ಆಫೀಸಿಗೆ ಫೋನ್ ಮಾಡಿ ದೊಡ್ಡದು ಕಳ್ಸಿ ಅಂದ್ರಂತೆ ಮೇಡಂ."

"ಯಾವ ಮನೆಯವ್ರು?"

ಉತ್ತರ ಹಿಂದಿನಿಂದ ಬಂತು. ಸರ್ವಮಂಗಳಮ್ಮ ರೇಷ್ಮೆ ಸೀರೆಯಲ್ಲಿ ಬುತ್ತಿಯ ಗಂಟು ಹಿಡಿದು ನಿಂತಿದ್ದರು. "ನಿನ್ನೊಬ್ಬಳನ್ನೇ ಕಳ್ಸಾಕೆ ನಮ್ಗೆ ಮನಸ್ಸು ಬರ್ತೈತೇನವ್ವ? ರೊಟ್ಟಿ ನಿನ್ನೇನೇ ತಟ್ಟೀನಿ."

ಎದುರು ಮನೆಯ ಬೊಮ್ಮಕ್ಕ ಕೈಯಲ್ಲಿ ಚಾ ಲೋಟ ಹಿಡಿದುಕೊಂಡೇ ರಸ್ತೆ ದಾಟಿ ಬಂದಳು. ಅವಳೂ ರೇಷ್ಮೆಯೇ. "ನೀವಿಬ್ರು, ಡ್ರೈವರು. ಮೂರು ಜನ ಆಯ್ತು. ಮೂರು ಜನ ಹೊಂಟ್ರೆ ಕೆಲ್ಸ ಕೆಡ್ತೈತೆ. ನಾನೂ ಬರ್ತೀನಿ."

"ಡ್ರೈವರನ್ನ ಲೆಕ್ಕಕ್ಕೆ ಹಿಡಿಯಂಗಿಲ್ಲ," ಎಂದರು ನಾಗರಾಜಪ್ಪ ಶಲ್ಯ ಕೊಡವುತ್ತ. "ಅವ್ನು ಗಾಡಿಗೆ ಸೇರಿದವ್ನು. ಹಂಗಾದ್ರೆ ಹೆಂಗಸ್ರೇ ಮೂವರಾದ್ರಿ. ನಾನು ಬರ್ದೆ ಗತಿ ಇಲ್ಲ."

"ಮೂರು ಜನ ಆದ್ರೆ ಒಂದು ಕಲ್ಲು ಇಟ್ಕೊಂಡು ಹೋಗ್ತಾರಂತೆ," ಎಂದಳು ಮೇಘಶ್ರೀ ಹಲ್ಲು ಕಚ್ಚಿ. "ನಾನು ಕಲ್ಲು ತರ್ತೀನಿ."

"ಕಲ್ಲು ಮಾತಾಡ್ತೈತೇನವ್ವ? ದಾರಿ ಸವೀಬೇಕಲ್ಲ," ಎಂದು ಬೊಮ್ಮಕ್ಕ ಮುಂದೆ ಬಂದವಳು ಎಡವಿ, ಇಡೀ ಲೋಟದ ಚಾ ಮೇಘಶ್ರೀಯ ಚೂಡಿದಾರದ ಮೇಲೆ ಸುರಿದಳು. "ಅಯ್ಯೋ, ನನ್ನ ಕೈ ಸೇದ್ಹೋಗ! ಹೋಗವ್ವ, ಆ ನೀಲಿ ಸೀರೆ ಐತಲ್ಲ, ಅದನ್ನ ಉಟ್ಕಂಡು ಬಾ."

ಸೀರೆ ಉಟ್ಟು ಬರುವಷ್ಟರಲ್ಲಿ ಹಿಂದಿನ ಸೀಟಿನಲ್ಲಿ ಇನ್ನೊಬ್ಬ ಕೂತು ನಿದ್ದೆ ಮಾಡುತ್ತಿದ್ದ. ಸತೀಶ್ ಕುಮಾರ್ ಅಂತೆ, ಬೊಮ್ಮಕ್ಕನ ಅಣ್ಣನ ಮಗ, ಸಂತೇಬೆನ್ನೂರಿನವನು. ಇಸ್ತ್ರಿ ಮಾಡಿದ ಬಿಳಿ ಶರ್ಟು ಹಾಕಿದ್ದ.

ಮತ್ತೆ ಮಹಡಿ ಹತ್ತಿ ಬಾಗಿಲು ಹಾಕಿಕೊಳ್ಳಬೇಕು ಎನಿಸಿತು. ಆದರೆ ಸಮುದ್ರ? ಅದಿರುವುದು ಕಾರು ಹೋಗುವ ದಿಕ್ಕಿನಲ್ಲಿ. ಸಮುದ್ರ ದೊಡ್ಡದು, ಒಂದು ತುದಿಯಲ್ಲಿ ಇವರನ್ನು ಬಿಟ್ಟು ಇನ್ನೊಂದು ತುದಿಗೆ ಹೋದರಾಯಿತು ಎಂದುಕೊಂಡು ಡ್ರೈವರಿನ ಪಕ್ಕ ಕೂತು ಬಾಗಿಲು ಬಡಿದಳು.

"ಏಸಿ ಹಾಕ್ಲಾ ಮೇಡಂ?" ಎಂದ ತಿಮ್ಮೇಶ್. ಅಷ್ಟೇ. ಬೇರೇನೂ ಕೇಳಲಿಲ್ಲ. ಇವನಿಗೆ ಐದು ಸ್ಟಾರ್ ಕೊಡಬೇಕು ಎಂದು ಅವಳು ಆಗಲೇ ತೀರ್ಮಾನಿಸಿದಳು.

ಶಿವಮೊಗ್ಗ ದಾಟಿತು. ಆನಂದಪುರ ದಾಟಿತು. ಬೊಮ್ಮಕ್ಕನ ಬಾಯಿ ಮಾತ್ರ ಮುಚ್ಚಲಿಲ್ಲ. ಸಾಗರ ಬರುತ್ತಿದ್ದಂತೆ ಅವಳು ಡ್ರೈವರಿನ ಭುಜ ತಟ್ಟಿದಳು. "ಎಡಕ್ಕೆ ತಿರುಗ್ಸಪ್ಪ. ಐದು ನಿಮಿಷ. ಒಂದು ಹೆಣ್ಣು ನೋಡೋ ಕಾರ್ಯ ಐತೆ."

ಮೇಘಶ್ರೀ ಸರ್ರನೆ ತಿರುಗಿದಳು. ಸತೀಶ್ ಕುಮಾರ್ ಎಚ್ಚರಗೊಂಡು ತಲೆ ಬಾಚುತ್ತಿದ್ದ. "ಇದು ನಾನು ಬುಕ್ ಮಾಡಿದ ಗಾಡಿ ಬೊಮ್ಮಕ್ಕಾರೆ! ಹೆಣ್ಣು ನೋಡೋಕೆ ಬೇರೆ ಗಾಡಿ ಸಿಗಲಿಲ್ವಾ? ಇವರಿಗಾ ಹೆಣ್ಣು?"

"ನೋಡಾನ ತಡಿ. ಎಲ್ಲಾ ಕೂಡಿ ಬರ್ಬೇಕಲ್ಲ," ಎಂದು ಬೊಮ್ಮಕ್ಕ ಕಿಟಕಿಯ ಕಡೆ ನೋಡಿದಳು.

"ನಾನು ಕಾರಲ್ಲೇ ಇರ್ತೀನಿ."

"ಮನೆ ಬಾಗಿಲಿಗೆ ಬಂದು ಒಳಗೆ ಬರ್ದಿದ್ರೆ ಅವ್ರಿಗೆ ಅವಮಾನ ಅಲ್ಲೇನವ್ವ?" ಎಂದು ಸರ್ವಮಂಗಳಮ್ಮ ಅವಳ ಕೈ ಹಿಡಿದು, ಮಗ್ಗಿ ಬಾರದ ಮಗುವನ್ನು ಶಾಲೆಗೆ ಎಳೆದೊಯ್ಯುವ ಹಾಗೆ ಎಳೆದುಕೊಂಡು ಹೋದರು.

ಐದು ನಿಮಿಷ ಮೂರು ಗಂಟೆಯಾಯಿತು. ಕೇಸರಿಬಾತು, ಉಪ್ಪಿಟ್ಟು, ಮತ್ತೆ ಕೇಸರಿಬಾತು. ಮನೆಯ ಯಜಮಾನಿ ಮೇಘಶ್ರೀಯನ್ನು ಕಿಟಕಿಯ ಬೆಳಕಿಗೆ ಕೂರಿಸಿ, ಎಷ್ಟು ಓದಿದ್ದು, ಕಾಲೇಜು ಎಷ್ಟು ದೂರ, ಅಡಿಗೆ ಮಾಡ್ತೀರಾ ಎಂದು ಕೇಳಿದರು.

"ಮಾಡ್ತೀನಿ. ನನಗೊಬ್ಬಳಿಗೆ," ಎಂದಳು ಮೇಘಶ್ರೀ. ಎದುರಿಗೆ ಆ ಮನೆಯ ಮಗ ಗುರುಬಸವರಾಜ್, ನಲವತ್ತು ದಾಟಿದ ರಸಗೊಬ್ಬರದ ವ್ಯಾಪಾರಿ, ಯೂರಿಯಾ ಚೀಲವನ್ನು ಗೋಡೆಗೆ ಒರಗಿಸಿಟ್ಟ ಹಾಗೆ ಕೂತಿದ್ದ. ಮೂರು ಗಂಟೆಯಲ್ಲಿ ಅವನು ಆಡಿದ್ದು ಒಂದೇ ಮಾತು: "ಫ್ಯಾನ್ ಜೋರು ಮಾಡ್ಲಾ?"

ತಿಂಡಿ ಹಂಚಿದ್ದು ಅವನ ಕಡೇ ತಂಗಿ ಪೂಜಾ. ಇಪ್ಪತ್ತರ ಹುಡುಗಿ, ಬಿ.ಕಾಂ. ಓದುತ್ತಿದ್ದಳು. ತಲೆ ಎತ್ತದೆ ತಟ್ಟೆ ಇಡುತ್ತಿದ್ದಳು. ಇವಳೇ ಹೆಣ್ಣು. ಸತೀಶ್ ಕುಮಾರ್ ಅವಳತ್ತ ನೋಡದೆ ಉಪ್ಪಿಟ್ಟಿನ ಮೆಣಸಿನಕಾಯಿ ಆರಿಸುತ್ತಿದ್ದ. ಮೇಘಶ್ರೀ ತಟ್ಟೆಯನ್ನು ದಡಕ್ಕನೆ ಕೆಳಗಿಟ್ಟಳು. ಪಾಪ, ಎಂದುಕೊಂಡಳು. ಆ ಶಬ್ದ ತನ್ನದೇ ಮನಸ್ಸಿನಿಂದ ಬಂದದ್ದಕ್ಕೆ ಇನ್ನಷ್ಟು ಸಿಟ್ಟು ಬಂತು.

ಕೈ ತೊಳೆಯುವ ನೆಪದಲ್ಲಿ ಅಡಿಗೆ ಮನೆಗೆ ಹೋದಳು.

"ನೋಡು ಪೂಜಾ, ಯಾರೋ ಬಂದು ಕೂತರು ಅಂತ ಒಪ್ಕೋಬೇಡ. ನಿನ್ನ ಕೇಳದೆ ತೋರಿಸ್ತಿದ್ದಾರಾ? ಬೇಡ ಅಂತ ಬಾಯಿ ಬಿಟ್ಟು ಹೇಳು. ಒಬ್ಬಳೇ ಇದ್ದರೆ ಯಾರೂ ಸಾಯಲ್ಲ."

ಪೂಜಾ ಕಣ್ಣು ಬಿಟ್ಟಳು. "ನಾನಾ ಅಕ್ಕ? ನಾನು ಹೇಳ್ಬೇಕಾ?"

"ಮತ್ತೆ ಯಾರು ಹೇಳ್ತಾರೆ? ಈಗಲೇ ಹೇಳು. ನಿಮ್ಮಮ್ಮಂಗೆ."

ಹುಡುಗಿ ಗೊಂದಲದಿಂದ ತಲೆಯಾಡಿಸಿದಳು. ಮೇಘಶ್ರೀಗೆ ಬೆಳಗ್ಗೆಯಿಂದ ಮೊದಲ ಬಾರಿ ಸ್ವಲ್ಪ ಸಮಾಧಾನವಾಯಿತು. ಒಂದು ಹೆಣ್ಣನ್ನಾದರೂ ಉಳಿಸಿದೆ.

ಘಟ್ಟ ಇಳಿದು ಗೇರುಸೊಪ್ಪೆಯ ಬಸದಿ ತಲುಪಿದಾಗ ಎರಡು ಗಂಟೆ. ಕಾಡಿನ ನಡುವೆ ಕಲ್ಲಿನ ಚತುರ್ಮುಖ ಬಸದಿ, ನಾಲ್ಕು ದಿಕ್ಕಿಗೆ ನಾಲ್ಕು ಬಾಗಿಲು. ಎಂಟು ವರ್ಷದಿಂದ ಪಾಠದಲ್ಲಿ ಹೇಳಿದ ಊರನ್ನು ಕಣ್ಣಾರೆ ಕಂಡಾಗ ಮೇಘಶ್ರೀ ಬಾಗಿಲ ಕಲ್ಲನ್ನು ಮುಟ್ಟಿ ನೋಡಿದಳು. ಒಳಗೆ ತಣ್ಣಗಿತ್ತು. ಎರಡು ನಿಮಿಷ ಒಬ್ಬಳೇ ನಿಂತಳು.

"ಇಲ್ಲೇನೈತೆ ನೋಡಾಕೆ?" ಪೂರ್ವದ ಬಾಗಿಲಲ್ಲಿ ಬೊಮ್ಮಕ್ಕ.

ಪಶ್ಚಿಮಕ್ಕೆ ಹೊರಟಳು. ಸರ್ವಮಂಗಳಮ್ಮ ಮೆಟ್ಟಿಲ ಮೇಲೆ ಬುತ್ತಿ ಬಿಚ್ಚುತ್ತಿದ್ದರು. "ಶೇಂಗಾ ಚಟ್ನಿ ಹಾಕ್ಲೇನವ್ವ?" ಉತ್ತರಕ್ಕೆ ತಿರುಗಿದಳು. ನಾಗರಾಜಪ್ಪ ಫೋನು ಮೇಲೆತ್ತಿ ಸಿಗ್ನಲ್ ಹುಡುಕುತ್ತಿದ್ದರು. ದಕ್ಷಿಣದ ಬಾಗಿಲಲ್ಲಿ ಸತೀಶ್ ಕುಮಾರ್ ಮಲಗಿದ್ದ. ಇಷ್ಟು ಬಾಗಿಲಿಟ್ಟು ಕಟ್ಟಿದವರಿಗೆ ಐದನೆಯದೊಂದು ಇಡಬಾರದಿತ್ತೆ?

ರೊಟ್ಟಿ ಮುರಿಯುತ್ತ ಬೊಮ್ಮಕ್ಕ ಕೇಳಿದಳು. "ಯಾರ ರಾಜ್ಯವ್ವ ಇದು?"

"ಒಬ್ಬಳು ರಾಣಿದು. ಐವತ್ತು ವರ್ಷ ಆಳಿದಳು. ಮೆಣಸಿನ ವ್ಯಾಪಾರ ಪೂರ್ತಿ ಅವಳ ಕೈಯಲ್ಲಿತ್ತು. ಪೋರ್ಚುಗೀಸರಿಗೇ ಜಗ್ಗಲಿಲ್ಲ."

"ಗಂಡ?"

"ಗೊತ್ತಿಲ್ಲ. ಆಳಿದ್ದು ಮಾತ್ರ ಅವಳೊಬ್ಬಳೇ."

"ಪಾಪ," ಎಂದರು ಸರ್ವಮಂಗಳಮ್ಮ.

ಮೇಘಶ್ರೀ ರೊಟ್ಟಿ ಕೆಳಗಿಟ್ಟು ಎದ್ದುಹೋಗಿ ಕಾರಿನಲ್ಲಿ ಕೂತಳು.

ಬುತ್ತಿ ಮುಗಿಸಿ ನಾಲ್ವರೂ ಬಸದಿಯ ನೆರಳಲ್ಲಿ ಎರಡು ಗಂಟೆ ನಿದ್ದೆ ಹೊಡೆದರು. ಮಿರ್ಜಾನ್ ಕೋಟೆ ತಪ್ಪಿತು. ಕುಮಟಾ ತಪ್ಪಿತು. ಹೊನ್ನಾವರದ ಕಡಲ ದಂಡೆಗೆ ಬಂದಾಗ ಸೂರ್ಯನಿಗೆ ಇನ್ನು ಅರ್ಧ ಗಂಟೆಯೂ ಆಯುಸ್ಸಿರಲಿಲ್ಲ. ಗಾಡಿ ನಿಲ್ಲುವ ಮೊದಲೇ ಅವಳು ಬಾಗಿಲು ತೆರೆದು, ಚಪ್ಪಲಿ ಬಿಟ್ಟು, ಸೀರೆ ಎತ್ತಿ ಹಿಡಿದು ನಡೆದೇಬಿಟ್ಟಳು. ನೀರು ಪಾದಕ್ಕೆ ಬಡಿಯಿತು. ಉಪ್ಪು ಗಾಳಿ. ಮುಂದೆ ಏನೂ ಇಲ್ಲ, ಯಾರೂ ಇಲ್ಲ. ಸಮುದ್ರ ಅವಳನ್ನು ಏನೂ ಕೇಳಲಿಲ್ಲ.

ಹಿಂದೆ ಎಲ್ಲೋ ನಾಗರಾಜಪ್ಪನವರ ಫೋನು ಹೊಡೆದುಕೊಂಡಿತು. "ಹಾಂ... ಹಾಂ... ಹಂಗಾ? ಆತು ಬಿಡ್ರಿ."

ಆಮೇಲೆ ಪೂರಾ ನಿಶ್ಶಬ್ದ. ಬೊಮ್ಮಕ್ಕನೂ ಸುಮ್ಮನಿದ್ದಳು. ಒಂದು ಅಲೆ, ಎರಡು ಅಲೆ, ಹತ್ತು ಅಲೆ. ದೇವರೇ, ಕೊನೆಗೂ ಸಿಕ್ಕಿತು ಎಂದುಕೊಂಡಳು. ಆದರೆ ಬೊಮ್ಮಕ್ಕ ಹತ್ತು ಅಲೆಯಷ್ಟು ಹೊತ್ತು ಸುಮ್ಮನಿರುವುದೆಂದರೇನು? ಅನುಮಾನ ಬಂದು ತಿರುಗಿದಳು.

ನಾಲ್ವರೂ ಸಾಲಾಗಿ ನಿಂತು ಅವಳನ್ನೇ ನೋಡುತ್ತಿದ್ದರು. ಎರಡು ವರ್ಷದ ಹಿಂದೆ, ಗಂಡ ಹೋದ ದಿನ, ಬೀದಿಯವರು ಅಂಗಳದಲ್ಲಿ ನಿಂತಿದ್ದ ಹಾಗೆಯೇ.

"ಏನಾಯ್ತು?"

"ಸಾಗರದವ್ರು ಒಪ್ಪಲಿಲ್ಲವ್ವ," ಎಂದರು ನಾಗರಾಜಪ್ಪ ಮೆಲ್ಲಗೆ.

"ಒಳ್ಳೇದಾಯ್ತು! ಆ ಹುಡುಗಿ ಬಾಯಿ ಬಿಟ್ಟಳಲ್ಲ. ಸತೀಶ್ ಅವರಿಗೆ ಬೇರೆ ಕಡೆ ನೋಡಿ."

"ನಂಗಾ?" ಎಂದ ಸತೀಶ್ ಕುಮಾರ್ ಗಾಬರಿಯಿಂದ. ಇಡೀ ದಿನದಲ್ಲಿ ಅವನ ಮೊದಲ ಮಾತು. "ನಂಗೆ ಎರಡು ಮಕ್ಕಳದಾವ್ರಿ."

ಮೇಘಶ್ರೀ ಅವನನ್ನು ನೋಡಿದಳು. ರೇಷ್ಮೆ ಸೀರೆಗಳನ್ನು ನೋಡಿದಳು. ಆಮೇಲೆ ತಾನುಟ್ಟ ನೀಲಿ ಸೀರೆ ನೋಡಿಕೊಂಡಳು.

"ಬೊಮ್ಮಕ್ಕ. ಆ ಚಾ..."

"ನಾನೇ ಚೆಲ್ಲಿದ್ದವ್ವ. ಆ ಚೂಡಿದಾರದಾಗೆ ನಿನ್ನ ಹೆಂಗೆ ತೋರ್ಸೋದು? ಗುರುಬಸವರಾಜ್ ಒಳ್ಳೇ ಮನುಷ್ಯ. ಮೊದಲ ಹೆಂಡ್ತಿ ತೀರ್ಕಂಡು ನಾಲ್ಕು ವರ್ಷ ಆತು. ಈ ಸತೀಶಂದೇ ಗೊಬ್ಬರದ ವ್ಯವಹಾರ ಅವ್ರ ಕೂಡೆ, ಪರಿಚಯಕ್ಕಿರ್ಲಿ ಅಂತ ಇವ್ನನ್ನ ಕರ್ಕಂಡು ಬಂದ್ವಿ."

"ನನ್ನ ಕೇಳಿದ್ರಾ?"

"ಕೇಳಿದ್ರೆ ನೀನು ಬ್ಯಾಡ ಅಂತಿದ್ದೆ."

"ಹೌದು, ಅಂತಿದ್ದೆ!"

"ಅದಕ್ಕೇ ಕೇಳ್ಲಿಲ್ಲ," ಎಂದರು ಸರ್ವಮಂಗಳಮ್ಮ, ಇಷ್ಟು ಸರಳ ಲೆಕ್ಕ ಉಪನ್ಯಾಸಕಿಗೆ ತಿಳಿಯುವುದಿಲ್ಲವೇ ಎಂಬಂತೆ. "ಬ್ಯಾಡ ಅನ್ನು ಅಂತ ಆ ಹುಡುಗಿಗೆ ನೀನೇ ಹೇಳ್ಕೊಟ್ಯಂತೆ? ಬಂದ ದಿನವೇ ಮನೆ ಮಗಳ ತಲೆ ತಿರುಗ್ಸೋಳು ನಮ್ಗೆ ಬ್ಯಾಡ ಅಂದ್ರಂತೆ ಅವ್ರಮ್ಮ. ಅವ್ನೂ ಹೂಂ ಅಂದ್ನಂತೆ."

ಬೇಡ ಎನ್ನುವ ಹಕ್ಕೊಂದು ಮೇಘಶ್ರೀಯ ಕೈಯಲ್ಲಿ ಉಳಿದಿತ್ತು. ಈಗ ಅದೂ ಹೋಗಿತ್ತು. ಯೂರಿಯಾ ಚೀಲ ಮೊದಲು ಬೇಡ ಎಂದಿತ್ತು!

ಎರಡು ವರ್ಷದ ಹಾಲು ಉಕ್ಕಿತು. ಈ ಸಲ ಎಲ್ಲರೂ ನೋಡುತ್ತಿರುವಾಗಲೇ. "ನಾನು ಸಮುದ್ರ ನೋಡೋಕೆ ಬಂದೆ! ಗಂಡು ನೋಡೋಕಲ್ಲ! ನನ್ನ ಗಾಡಿ, ನನ್ನ ದಿನ, ನನ್ನ ಸೀರೆ! ನಿಮ್ಮ ಅಯ್ಯೋ ಯಾರಿಗೆ ಬೇಕು? ಒಬ್ಬಳೇ ಇರೋದು ಕಾಯಿಲೆ ಅಲ್ಲ. ನೀವು ಕಾಯಿಲೆ. ನಾಲ್ಕು ಜನಾನೂ!" ದೂರದಲ್ಲಿ ಬಲೆ ಬಿಡಿಸುತ್ತಿದ್ದವರು ಕೈ ನಿಲ್ಲಿಸಿದರು. ದಂಡೆಯ ನಾಯಿಯೊಂದು ಎದ್ದು ಬೇರೆ ಕಡೆ ಹೋಯಿತು. ಅವಳು ಗಂಟಲು ಹರಿಯುವ ತನಕ ಕೂಗಿದಳು. ಅವಳ ಬೆನ್ನ ಹಿಂದೆ ಸೂರ್ಯ ಮುಳುಗಿದ. ಅದನ್ನು ಆ ನಾಲ್ವರೂ ಚೆನ್ನಾಗಿ ನೋಡಿದರು.

ಕೂಗಾಟ ಮುಗಿಯಿತು. ಬೊಮ್ಮಕ್ಕ ಸೆರಗಿನಿಂದ ಕಣ್ಣೊರೆಸಿಕೊಂಡು ಸರ್ವಮಂಗಳಮ್ಮನ ಕಿವಿಯಲ್ಲಿ ಹೇಳಿದಳು. ಆ ಕಿವಿಮಾತು ಅಲೆಯ ಸದ್ದನ್ನೂ ಮೀರಿ ಕೇಳಿಸಿತು.

"ಎಷ್ಟು ಆಸೆ ಇಟ್ಕಂಡಿತ್ತೋ ಏನೋ. ಪಾಪ."

ಮೇಘಶ್ರೀ ಮರಳು ತುಳಿಯುತ್ತ ಬಂದು ಮುಂದಿನ ಸೀಟಿನಲ್ಲಿ ಕೂತು ಬಾಗಿಲು ಬಡಿದಳು. ನಾಲ್ವರೂ ಹಿಂದೆ ಕೂತರು. ಇನ್ನು ಐದು ಗಂಟೆಯ ದಾರಿ. ಸಾಗರದ ಮೇಲೆಯೇ ಹೋಗಬೇಕು.

ಘಟ್ಟ ಹತ್ತುವಷ್ಟರಲ್ಲಿ ಹಿಂದಿನ ಸೀಟುಗಳು ಗೊರಕೆ ಹೊಡೆಯತೊಡಗಿದವು. ತಿಮ್ಮೇಶ್ ಮಾತಿಲ್ಲದೆ ಗಾಡಿ ಓಡಿಸುತ್ತಿದ್ದ. ಇಡೀ ದಿನ ಪಕ್ಕದಲ್ಲೇ ಇದ್ದೂ ಇವನು ಒಮ್ಮೆಯೂ ಆ ಶಬ್ದ ಆಡಿರಲಿಲ್ಲ. ಮೇಘಶ್ರೀ ಫೋನು ತೆಗೆದು ಟ್ರಾವೆಲ್ಸಿನ ಪುಟ ತೆರೆದು ಐದು ಸ್ಟಾರ್ ಒತ್ತಿದಳು. 'ಚಾಲಕರು ಬಹಳ ಸಭ್ಯರು, ಅನಗತ್ಯವಾಗಿ ಮಾತಾಡುವುದಿಲ್ಲ' ಎಂದು ಬರೆದು ಕಳಿಸಿದಳು.

ತಿಮ್ಮೇಶನ ಫೋನು ಟಿಣ್ ಎಂದಿತು. ಅವನು ನೋಡಿದ. ಮುಖ ಅರಳಿತು. ಹಿಂದಿನವರು ನಿದ್ದೆ ಹೋಗಿರುವುದನ್ನು ಕನ್ನಡಿಯಲ್ಲಿ ಖಾತ್ರಿ ಮಾಡಿಕೊಂಡು, ದನಿ ತಗ್ಗಿಸಿದ.

"ಬ್ಯಾಸರ ಮಾಡ್ಕಾಬ್ಯಾಡ್ರಿ ಮೇಡಂ. ಒಂದು ಮಾತು ಹೇಳ್ಲಾ? ನಮ್ಮ ಟ್ರಾವೆಲ್ಸ್ ಓನರ್ರೂ ಒಬ್ರೇ ಇರೋದು."

ಮುಂದಿನ ತಿರುವಿನಲ್ಲಿ ಗೇರು ಬದಲಿಸುತ್ತ ಅವನು ನಿಟ್ಟುಸಿರು ಬಿಟ್ಟ.

"ಪಾಪ."