ಗಜಕ್ಕೊಂದು ಇಂಚು

ನಮ್ಮ ಸೋದರಮಾವನಷ್ಟು ದೊಡ್ಡ ಆಸ್ತಿವಂತ ಪುತ್ತೂರು ಪೇಟೆಯಲ್ಲಿ ಇನ್ನೊಬ್ಬ ಇರಲಿಲ್ಲ ಎಂದರೆ ನೀವು ನಂಬಲಿಕ್ಕಿಲ್ಲ. ಅವರ ಹತ್ತಿರ ಎರಡು ಬಸ್ಸುಗಳಿದ್ದವು, ಒಂದು ಸೇತುವೆ ಇತ್ತು, ಚಿಮಣಿಯ ಸಮೇತ ಒಂದು ಹೆಂಚಿನ ಕಾರ್ಖಾನೆ ಇತ್ತು, ಸಾಲದ್ದಕ್ಕೆ ಒಂದು ಪೋಸ್ಟಾಫೀಸೂ ಇತ್ತು. ಸರಕಾರದ ಪೋಸ್ಟಾಫೀಸು ಇವರ ಕೈಗೆ ಹೇಗೆ ಬಂತು ಎಂದಿರಾ? ಎಲ್ಲವೂ ಮಂಚದ ಅಡಿಯಲ್ಲಿದ್ದವು. ಬೆಳಿಗ್ಗೆ ಅತ್ತೆ ಗುಡಿಸುವಾಗ ಮೊದಲು ಸೇತುವೆಯನ್ನು ಎತ್ತಿ ಬದಿಗಿಟ್ಟು, ಆಮೇಲೆ ಕಾರ್ಖಾನೆಯನ್ನು ಮೊರದಲ್ಲಿ ಹೊತ್ತು ಜಗಲಿಗೆ ತರುತ್ತಿದ್ದರು.

ನನಗೆ ಪುತ್ತೂರಿನ ಶಾಲೆಯೊಂದರಲ್ಲಿ ಟೀಚರ್ ಕೆಲಸ ಸಿಕ್ಕಿದಾಗ ನಾನು ಉಳಿದುಕೊಂಡದ್ದು ಈ ಮಾವನ ಮನೆಯಲ್ಲಿ. ಮಕ್ಕಳಿಲ್ಲದ ಗಂಡ ಹೆಂಡತಿ. ಕೆಳಗೆ ಬಟ್ಟೆ ಅಂಗಡಿ, ಮೇಲೆ ವಾಸ. ಮಾವ ಚಿಕ್ಕಂದಿನಲ್ಲಿ ಅಡಿಕೆ ಹಾಳೆ, ಬಿದಿರು ಕಡ್ಡಿ ಸೇರಿಸಿ ಎತ್ತಿನ ಗಾಡಿ, ಪಲ್ಲಕ್ಕಿ ಎಲ್ಲ ಮಾಡುತ್ತಿದ್ದರಂತೆ. ಪರೀಕ್ಷೆಯಲ್ಲಿ ಲೆಕ್ಕಕ್ಕೆ ಸೊನ್ನೆ ಬಂದ ದಿನ ನನ್ನ ಅಜ್ಜ ಅಷ್ಟನ್ನೂ ಬಚ್ಚಲ ಒಲೆಗೆ ತುಂಬಿಸಿ, ಆ ಬಿಸಿನೀರಿನಲ್ಲಿಯೇ ಮಾವನಿಗೆ ಸ್ನಾನ ಮಾಡಿಸಿದರಂತೆ! ಅಲ್ಲಿಗೆ ಆ ಹುಚ್ಚು ಬಿಟ್ಟಿತು ಎಂದು ಮನೆಯವರೆಲ್ಲ ನಂಬಿದ್ದರು. ಐವತ್ತು ದಾಟಿದ ಮೇಲೆ ಒಂದು ಮಧ್ಯಾಹ್ನ, ಬಟ್ಟೆಯ ತಾನು ಬಿಚ್ಚಿದಾಗ ಒಳಗಿನಿಂದ ಬಿದ್ದ ದಪ್ಪ ರಟ್ಟನ್ನು ಕೈಯಲ್ಲಿ ಹಿಡಿದು ಮಾವ ತುಂಬ ಹೊತ್ತು ನೋಡಿದರಂತೆ. ಮಾರನೆಯ ದಿನ ರಟ್ಟಿಗೆ ಕಿಟಕಿ ಬಂದಿತ್ತು.

ಅವರದು ಬಟ್ಟೆ ವ್ಯಾಪಾರಿಯ ಲೆಕ್ಕ. ಗಜಕ್ಕೆ ಒಂದು ಇಂಚು, ಅಷ್ಟೇ. ಅಂಗಡಿಯ ಕಬ್ಬಿಣದ ಗಜಕೋಲು ಹಿಡಿದು ಊರೆಲ್ಲ ಅಳೆಯುತ್ತಿದ್ದರು. ಮನೆಗೆ ಬಂದವರನ್ನೂ ಬಿಡುತ್ತಿರಲಿಲ್ಲ, ಮೇಲಿಂದ ಕೆಳಗೆ ಒಮ್ಮೆ ನೋಡಿ, ನೀವು ನಮ್ಮಲ್ಲಿ ಒಂದೂಮುಕ್ಕಾಲು ಇಂಚು ಎಂದು ತೀರ್ಮಾನ ಹೇಳುತ್ತಿದ್ದರು. ನಮ್ಮ ಹೆಡ್‌ಮಾಸ್ತರರು ಒಮ್ಮೆ ಮನೆಗೆ ಬಂದು ಇದೇ ಮಾತು ಕೇಳಿಸಿಕೊಂಡು, ಆ ವಾರವಿಡೀ ನನ್ನ ಹತ್ತಿರ ಸರಿಯಾಗಿ ಮಾತಾಡಲಿಲ್ಲ.

ಕಬಕದ ಬಸ್ಸಿನ ಕಥೆ ಕೇಳಿ. ಮಾವ ಗಜಕೋಲು ಹಿಡಿದು ಬಸ್‌ಸ್ಟ್ಯಾಂಡಿಗೆ ಹೋಗಿ, ಹೊರಡಲು ನಿಂತ ಬಸ್ಸನ್ನು ಮುಂದಿನಿಂದ ಹಿಂದಕ್ಕೆ ಅಳೆಯಲು ಶುರುಮಾಡಿದರು. ಬಿಳಿ ಅಂಗಿ, ಕಿವಿಯಲ್ಲಿ ಪೆನ್ಸಿಲ್ಲು, ಮುಖದಲ್ಲಿ ನಗುವಿಲ್ಲ. ಹೊಸದಾಗಿ ಬಂದ ಕಂಡಕ್ಟರು, ಇವರು ಸರಕಾರದ ಕಡೆಯಿಂದ ತಪಾಸಣೆಗೆ ಬಂದವರೇ ಎಂದು ತಿಳಿದು, ಲೆಕ್ಕಕ್ಕಿಂತ ಹೆಚ್ಚು ತುಂಬಿಸಿದ್ದ ಜನರನ್ನೆಲ್ಲ ಗಡಿಬಿಡಿಯಲ್ಲಿ ಇಳಿಸಿದ. ಬಸ್ಸು ನೆಟ್ಟಗೆ ನಿಂತಿತು. ಮಾವನಿಗೆ ಸಿಟ್ಟು ಬಂತು.

"ಅವರನ್ನು ಎಂತಕ್ಕೆ ಇಳಿಸಿದ್ದು ಮಾರಾಯ? ಎಲ್ಲ ಹತ್ತಲಿ. ಅವರು ಹತ್ತಿದ್ರೆ ಮಾತ್ರ ಬಸ್ಸು ಸರಿಯಾಗಿ ಓರೆ ಆಗುದು."

ಮಂಚದಡಿಯ ಬಸ್ಸು ಇವತ್ತಿಗೂ ಎಡಕ್ಕೆ ವಾಲಿಕೊಂಡೇ ಇದೆ. ಯಾರಾದರೂ ತಪ್ಪು ಹಿಡಿದರೆ, ಅದು ತಪ್ಪಲ್ಲ, ಕಬಕದ ಜನ ಎನ್ನುತ್ತಿದ್ದರು.

ಇನ್ನು ಅಂಟಿನ ವಿಷಯ. ಮೊದಲು ಮೈದಾ ಹಿಟ್ಟಿನ ಅಂಟು ಮಾಡಿದರು, ಪೋಸ್ಟಾಫೀಸಿನ ಒಂದು ಗೋಡೆಯನ್ನು ಜಿರಳೆ ತಿಂದಿತು. ಆಮೇಲೆ ಹಲಸಿನ ಮೇಣ ಕಾಯಿಸಿದರು. ಗಟ್ಟಿ ಎಂದರೆ ಗಟ್ಟಿ! ಎಷ್ಟು ಗಟ್ಟಿ ಎಂಬುದು ಈಶ್ವರಮಂಗಲದಿಂದ ಬಂದ ನೆಂಟರೊಬ್ಬರು ಜಗಲಿಯ ಮಣೆಯಲ್ಲಿ ಕುಳಿತ ಮೇಲೆ ಗೊತ್ತಾಯಿತು. ಅವರು ಎದ್ದಾಗ ಮಣೆಯೂ ಎದ್ದಿತು. ಅತ್ತೆ ತೆಂಗಿನೆಣ್ಣೆ ಹಿಡಿದು ಬಂದರೆ, ಮಾವ ಮೇಣದ ಪರೀಕ್ಷೆಯಾಯಿತೆಂದು ಸಂತೋಷದಲ್ಲಿದ್ದರು. ಅದರ ನಡುವೆ ಸರಕಾರ ಗಜ ತೆಗೆದು ಮೀಟರ್ ತಂದಿತು ನೋಡಿ! ಊರ ವ್ಯಾಪಾರಿಗಳೆಲ್ಲ ಗಿರಾಕಿಗಳಿಗೆ ಬೆಲೆ ತಿಳಿಸಿ ಹೇಳಲು ಒದ್ದಾಡುತ್ತಿದ್ದರೆ, ಇವರು ಅರ್ಧ ಕಟ್ಟಿದ ಸೇತುವೆಯ ಮುಂದೆ ತಲೆಗೆ ಕೈಹೊತ್ತು ಕುಳಿತಿದ್ದರು. ಕೊನೆಗೆ ಅಂಗಡಿಗೆ ಮೀಟರ್, ಮಂಚದಡಿಗೆ ಗಜ ಎಂದು ತೀರ್ಮಾನವಾಯಿತು.

ಅತ್ತೆ ಇದನ್ನೆಲ್ಲ ಸಹಿಸಿಕೊಂಡಿದ್ದರು. ಅವರಿಗೆ ಇದ್ದದ್ದು ಬೇರೆ ನೋವು. ಅವರ ತವರು ಪೆರಾಬೆ. ಅಲ್ಲಿ ಇದ್ದದ್ದು ಒಬ್ಬನೇ ತಮ್ಮ, ಅತ್ತೆಯೇ ಸೊಂಟದಲ್ಲಿ ಎತ್ತಿ ಬೆಳೆಸಿದವನು. ಆತ ಮಗಳ ಮದುವೆಗೆ ಅಕ್ಕನಿಗೆ ಹೇಳಿಕೆ ಕಳಿಸಿದ್ದು ಹೇಗೆ ಗೊತ್ತೇ? ಬಸ್ಸಿನ ಕಂಡಕ್ಟರನ ಕೈಯಲ್ಲಿ, ಒಂದು ಕಟ್ಟು ವೀಳ್ಯದೆಲೆಯೊಟ್ಟಿಗೆ ಕಾಗದ! ನಮ್ಮ ಕಡೆ ಮದುವೆಯ ಹೇಳಿಕೆ ಎಂದರೆ ಮನೆಗೆ ಬಂದು, ಎದುರು ನಿಂತು, ಬನ್ನಿ ಎಂದು ಬಾಯಿ ಬಿಟ್ಟು ಹೇಳಬೇಕು. ಹೊರಗಿನವರಿಗೇ ಹಾಗೆ ಹೇಳುವಾಗ ಒಡಹುಟ್ಟಿದ ಅಕ್ಕನಿಗೆ ಕಾಗದವೇ? ಅತ್ತೆ ಮದುವೆಗೆ ಹೋಗಲಿಲ್ಲ. ತಮ್ಮನಿಗೂ ಅಭಿಮಾನ, ಅಕ್ಕ ಬರಲಿಲ್ಲವಲ್ಲ ಎಂದು. ಆಮೇಲೆ ಇವರು ಅಲ್ಲಿಗೆ ಹೋಗಲಿಲ್ಲ, ಅವರು ಇಲ್ಲಿಗೆ ಬರಲಿಲ್ಲ. ಹೀಗೆ ವರ್ಷಗಳು ಕಳೆದವು.

ಅಂಥದರಲ್ಲಿ ಸುದ್ದಿ ಬಂತು. ಪೆರಾಬೆಯ ತಮ್ಮ, ಹುಲ್ಲಿನ ಮಾಡಿನ ಹಳೆ ಮನೆಯನ್ನು ಕೆಡವಿ, ಹೆಂಚಿನ ಮನೆ ಕಟ್ಟಿಸುತ್ತಾರಂತೆ. ಅತ್ತೆ ತರಕಾರಿ ಕೊಚ್ಚುತ್ತಾ, ಕೆಡವಲಿ, ನನಗೆಂತ ಎಂದರು. ಅವತ್ತಿನ ಸಾಂಬಾರಿಗೆ ಉಪ್ಪು ಬೀಳಲಿಲ್ಲ. ಹುಟ್ಟಿದ ಮನೆಯನ್ನು ಕೊನೆಗೊಮ್ಮೆ ನೋಡುವ ಆಸೆ ಯಾರಿಗಿರುವುದಿಲ್ಲ? ಆದರೆ ಕರೆಯದೆ ಹೋಗುವ ಜಾತಿ ಅವರದಲ್ಲ.

ಮಾವ ರಟ್ಟು ತೆಗೆದುಕೊಂಡು ಕುಳಿತರು. ನಾಲ್ಕೈದು ವಾರದಲ್ಲಿ ಪೆರಾಬೆಯ ಮನೆ ಎದ್ದಿತು. ಜಗಲಿ, ಮರದ ಕಂಬ, ಕಾಲು ತೊಳೆಯುವ ಕಲ್ಲು, ಚಾವಡಿ, ಎಲ್ಲ ಹಾಗೆಯೇ. ಮುಳಿಹುಲ್ಲಿನ ಮಾಡು ಕೂಡ ಸಣ್ಣ ಹುಲ್ಲಿನದೇ. ತಿರುಗಿಸಿ ನೋಡಿದರೆ ಹಿಂದುಗಡೆ ಅಧ್ವಾನ! ಪಾಪ, ಅವರದೇನು ತಪ್ಪು? ಹೆಂಡತಿಯ ತವರಲ್ಲಿ ಅಳಿಯನಿಗೆ ಮರ್ಯಾದೆ ಜಾಸ್ತಿ. ಜಗಲಿಯಲ್ಲಿ ಚಾಪೆ ಹಾಸಿ ಬೆಲ್ಲ ನೀರು ಕೊಡುತ್ತಾರೆ, ಚಾವಡಿಯಲ್ಲಿ ಎಲೆ ಹಾಕುತ್ತಾರೆ, ಅಲ್ಲಿಂದ ಆಚೆ ಹೆಂಗಸರ ಕಡೆಗೆ ಆತ ಹೆಜ್ಜೆ ಇಡುವ ಹಾಗಿಲ್ಲ. ಅಳಿಯನಾಗಿ ಮೂವತ್ತು ವರ್ಷವಾದರೂ ಮಾವ ಅರ್ಧ ಮನೆಯನ್ನು ಮಾತ್ರ ನೋಡಿದ್ದರು. ಉಳಿದದ್ದನ್ನು ಅಂದಾಜಿನಲ್ಲಿ ಕಟ್ಟಿದ್ದರು.

ಅತ್ತೆ ಎರಡು ದಿನ ಆ ಕಡೆ ತಲೆ ಹಾಕಲಿಲ್ಲ. ಮೂರನೆಯ ದಿನ ಗುಡಿಸಲಿಕ್ಕೆಂದು ಎತ್ತಿದವರು ಎತ್ತಿದಲ್ಲೇ ನಿಂತರು.

"ಇದೆಂತ ಇದು? ಕೊಟ್ಟಿಗೆ ಇದ್ದಲ್ಲಿ ಅಡಿಗೆಮನೆ ಮಾಡಿದ್ದೀರಲ್ಲ! ನನ್ನ ಅಮ್ಮ ದನಗಳ ಒಟ್ಟಿಗೆ ಕೂತು ಅಡಿಗೆ ಮಾಡಿದ್ದಾ?"

"ನನಗೆ ಹೇಗೆ ಗೊತ್ತಾಗುದು? ಗೊತ್ತಿದ್ದವರು ಹೇಳ್ಬೇಕು."

ಅವತ್ತಿನಿಂದ ಅತ್ತೆ ಮೇಸ್ತ್ರಿ, ಮಾವ ಕೂಲಿಯಾಳು. ಒಲೆ ಇಲ್ಲಿ, ಕಡೆಯುವ ಕಲ್ಲು ಅಲ್ಲಿ, ಅಮ್ಮ ಮೊಸರು ಕಡೆಯುತ್ತಿದ್ದ ಕಂಬ ಇದು. ಈ ಮೂಲೆಯಲ್ಲಿ ತಮ್ಮನಿಗೆ ಜ್ವರ ಬಂದಾಗ ಮಲಗಿಸಿದ್ದು. ತಮ್ಮನ ಹೆಸರು ಬಂದಾಗೆಲ್ಲ ಅತ್ತೆ ಮಾತು ನಿಲ್ಲಿಸಿ, ಮೇಣ ಸಾಕಾಗಲಿಲ್ಲ ಎಂದು ಮಾವನನ್ನು ಬೈಯುತ್ತಿದ್ದರು. ನಾನು ಶಾಲೆಯ ಉತ್ತರ ಪತ್ರಿಕೆ ಬದಿಗಿಟ್ಟು ಕೇಳುತ್ತಿದ್ದೆ. ಕೊನೆಗೆ ಜಗಳ ಹತ್ತಿದ್ದು ಅಡಿಗೆಮನೆಯ ಅಗಲಕ್ಕೆ. ಅತ್ತೆ ಹೇಳಿದಷ್ಟು ಅಗಲ ಮಾಡಿದರೆ ಗೋಡೆ ಬಾವಿಯೊಳಗೆ ಇಳಿಯುತ್ತಿತ್ತು. ಮಾವ ಕತ್ತರಿ ಕೆಳಗಿಟ್ಟರು.

"ಅಳತೆ ನೋಡದೆ ಇನ್ನು ನನ್ನಿಂದ ಆಗುದಿಲ್ಲ. ಅಳತೆ ನೋಡ್ಲಿಕ್ಕೆ ಯಾರ ಹೇಳಿಕೆಯೂ ಬೇಡ."

ಅತ್ತೆ ಅಡಿಗೆಮನೆಗೆ ಹೋದರು. ಸ್ವಲ್ಪ ಹೊತ್ತಿನ ಮೇಲೆ ಹೊರಗೆ ಬಂದು, ಭಾನುವಾರ ಹೋಗಿ ಅಳತೆ ಮಾತ್ರ ತೆಗೆದು ಬರುವ, ಅಲ್ಲಿ ನೀರು ಸಹ ಕುಡಿಯುವುದಿಲ್ಲ ಎಂದರು.

ಎರಡು ಬಸ್ಸು ಹತ್ತಿ ಇಳಿದು, ಆಮೇಲೆ ನಡೆದು ನಾವು ಮೂವರೂ ಪೆರಾಬೆಗೆ ಮುಟ್ಟುವಾಗ ಮಾಡು ಬಿಚ್ಚಿ ಆಗಿತ್ತು. ಆಕಾಶದ ಕೆಳಗೆ ಬರೀ ಮಣ್ಣಿನ ಗೋಡೆಗಳು ನಿಂತಿದ್ದವು. ಅತ್ತೆಯ ತಮ್ಮ ತಲೆಗೆ ಮುಂಡಾಸು ಸುತ್ತಿ ಹಳೆ ಹುಲ್ಲು ಹೊತ್ತು ಹಾಕುತ್ತಿದ್ದರು. ಅಕ್ಕನನ್ನು ನೋಡಿ ಹುಲ್ಲಿನ ಹೊರೆ ಅಲ್ಲಿಯೇ ಬಿಟ್ಟರು. ಅತ್ತೆ ಅಳತೆಗೆ ಬಂದದ್ದು ಎಂದಷ್ಟೇ ಹೇಳಿ ಅಡಿಗೆಮನೆಗೆ ಹೋಗಿ, ಅಳೆಯಲೆಂದು ತಂದಿದ್ದ ಹಗ್ಗದ ಒಂದು ತುದಿಯನ್ನು ಗೋಡೆಗೆ ಹಿಡಿದು ನಿಂತರು. ಇನ್ನೊಂದು ತುದಿ ಹಿಡಿಯುವವರು ಬೇಕಲ್ಲ? ಮಾವನೋ, ಅಂಗಳದಿಂದ ಅಲುಗಲಿಲ್ಲ. ಒಳಗೆ ಬನ್ನಿ ಎಂದು ನಾನು ಕರೆದರೆ, ಅಳಿಯ ಅಡಿಗೆಮನೆಗೆ ಹೋಗುವುದುಂಟೇ ಎಂದರು. ಮಾಡೂ ಇಲ್ಲ, ಬಾಗಿಲೂ ಇಲ್ಲ, ಆದರೂ ಮರ್ಯಾದೆ!

ತಮ್ಮನೇ ಬಂದು ಇನ್ನೊಂದು ತುದಿ ಹಿಡಿದರು. ಹಗ್ಗ ಬಿಗಿಯಾಗಿ ನಿಂತಿತು. ಇಬ್ಬರೂ ಅಳೆಯುವುದನ್ನು ಮರೆತು ಹಾಗೆಯೇ ನಿಂತರು. ಎಷ್ಟಾಯಿತು ಎಂದು ಮಾವ ಅಂಗಳದಿಂದ ಕೇಳಲಿಲ್ಲ, ನಾನು ಕಂಡಂತೆ ಅದೇ ಮೊದಲ ಸಲ. ಆಗ ತಮ್ಮ, ಹಿಡಿದ ತುದಿಯನ್ನು ಬಿಡದೆಯೇ, ಇನ್ನೊಂದು ಕೈಯಿಂದ ಮುಂಡಾಸು ತೆಗೆದು ಹೆಗಲಿಗೆ ಹಾಕಿಕೊಂಡರು. ಮನೆಗೆ ಹೋಗಿ ಹೇಳಿಕೆ ಹೇಳುವವರು ನಿಲ್ಲುವ ಹಾಗೆ ಸರಿಯಾಗಿ ನಿಂತರು. ಅತ್ತೆ ಹೋಗದೆ ಉಳಿದ ಮದುವೆಯ ಆ ಮಗಳಿಗೆ ಆಗಲೇ ಎರಡು ಮಕ್ಕಳಿದ್ದವು.

"ಅಕ್ಕ, ಮಗಳಿಗೆ ಮದುವೆ ಅಂತ ಆಯ್ತು. ನೀನೂ ಭಾವನೂ ಬಂದು ಚಂದಗಾಣಿಸಿ ಕೊಡ್ಬೇಕು."

ಅತ್ತೆ ಸೆರಗಿನಿಂದ ಮುಖ ಒರೆಸಿಕೊಂಡರು. ನನಗೆ ಅಳು ತಡೆಯಲಾಗಲಿಲ್ಲ.

"ನಾನು ಎರಡು ದಿನ ಮೊದಲೇ ಬರ್ತೇನೆ ಮಗಾ," ಎಂದರು ಅತ್ತೆ. "ಅಡಿಗೆ ಕಡೆಗೆ ಮನೆಯವರು ಯಾರಾದ್ರೂ ಬೇಕಲ್ಲ."