ಭಾಮೈದನಿಗೆ ನರಿ ಮುಖ ತೋರಿಸಿದ್ದು

ನನ್ನ ಭಾಮೈದನ ಮದುವೆಯನ್ನು ನಾನೇ ಕುದುರಿಸುತ್ತೇನೆ ಎಂದು ಪಣ ತೊಟ್ಟವನು ನಾನು. ಬ್ಯಾಡಗಿ ಪೇಟೆಯ ದಲಾಲಿ ಅಂಗಡಿಯಲ್ಲಿ ಹದಿನಾಲ್ಕು ವರ್ಷ ಗುಮಾಸ್ತನಾಗಿ, ಮೆಣಸಿನಕಾಯಿ ಕೈಯಲ್ಲಿ ಹಿಡಿದರೆ ಅದು ಯಾವ ಊರಿನದೆಂದು ಹೇಳಬಲ್ಲ ನನಗೆ, ಒಂದು ಹುಡುಗಿಯ ಮನೆಯವರನ್ನು ಒಪ್ಪಿಸುವುದು ಯಾವ ಮಹಾ ಕೆಲಸ!

ಭಾಮೈದ ಚೇತನಕುಮಾರನಿಗೆ ರಾಣೆಬೆನ್ನೂರಿನಲ್ಲಿ ಮೊಬೈಲ್ ರಿಚಾರ್ಜ್ ಅಂಗಡಿ. ಕಂಡಕಂಡವರ ಕೈಗೆಲ್ಲ ಹೊಸದಾಗಿ ಮೊಬೈಲ್ ಬರುತ್ತಿದ್ದ ಕಾಲ ಅದು. ಆದರೂ ಆರು ಕಡೆ ಕನ್ಯೆ ನೋಡಿ ಬಂದವನಿಗೆ ಒಂದು ಕಡೆಯಿಂದಲೂ ಫೋನ್ ಬರಲಿಲ್ಲ. ಹುಡುಗ ಬಂಗಾರದಂಥವನು. ಎದುರಿಗೆ ಹೆಣ್ಣು ಬಂದು ಕುಳಿತರೆ ಮಾತ್ರ ಬಾಯಿಗೆ ಬೀಗ. ಏಳನೆಯದು ಅಗಡಿಯ ಸಂಬಂಧ. ಹುಡುಗಿ ಭುವನಾಳ ಫೋಟೋ ನೋಡಿದಂದಿನಿಂದ ಅವನಿಗೆ ಊಟ ಸೇರುತ್ತಿರಲಿಲ್ಲ. ಇದೂ ತಪ್ಪಿದರೆ ಇನ್ನೊಂದು ಕನ್ಯೆ ನೋಡಲು ಕರೆಯಬೇಡಿ ಎಂದು ಅಕ್ಕನ ಮುಂದೆ, ಅಂದರೆ ನನ್ನ ಹೆಂಡತಿಯ ಮುಂದೆ, ಅತ್ತೇ ಬಿಟ್ಟಿದ್ದ.

ನನ್ನ ತಲೆ ಓಡಿತು. ಹುಡುಗನಿಗೆ ಕೊರತೆ ಇರುವುದು ಅದೃಷ್ಟವೊಂದೇ! ಬೆಳಿಗ್ಗೆ ಎದ್ದ ಕೂಡಲೇ ನರಿ ಮುಖ ನೋಡಿದರೆ ಹೋದ ಕೆಲಸ ಆಗಿಯೇ ತೀರುತ್ತದೆ ಎಂದು ನಮ್ಮ ಕಡೆ ಯಾರನ್ನು ಕೇಳಿದರೂ ಹೇಳುತ್ತಾರೆ. ಹೇಳುವವರೇ ಎಲ್ಲ, ನೋಡಿದವರು ಯಾರೂ ಇಲ್ಲ. ನಾನು ತೋರಿಸುತ್ತೇನೆ ಎಂದು ನಿರ್ಧರಿಸಿದೆ.

ನರಿಯ ವಿಳಾಸ ಕೊಟ್ಟವನು ಕೋಲ್ಡ್ ಸ್ಟೋರೇಜಿನ ಕಾವಲುಗಾರ ಮೌಲಾಸಾಬ. ಗೋದಾಮಿನ ಹಿಂದಿನ ಮೋರಿಯಲ್ಲಿ ಒಂದು ಜೋಡಿ ನರಿ ಸಂಸಾರ ಹೂಡಿದೆಯಂತೆ. ಕೋಳಿ ಫಾರ್ಮಿನವರು ಎಸೆದದ್ದೇ ಅವಕ್ಕೆ ಊಟ. ಲಾರಿಗಳ ಗದ್ದಲಕ್ಕೂ ಹೆದರದೆ, ದಿನಾ ಬೆಳಕು ಹರಿಯುವಾಗ ಮರಿಗಳನ್ನು ಹೊರಗೆ ಆಡಲು ಬಿಡುತ್ತವಂತೆ. ನಮ್ಮ ಮನೆಯಿಂದ ಅಲ್ಲಿಗೆ ಒಂದು ಕಿಲೋಮೀಟರ್ ಇಲ್ಲ!

ತೊಡಕು ಒಂದೇ. ನರಿಗಿಂತ ಮೊದಲು ಬೇರೆ ಯಾರ ಮುಖವೂ ಕಾಣಬಾರದು. ದಾರಿಯಲ್ಲಿ ಹಾಲಿನವನಿದ್ದಾನೆ, ಪೇಪರಿನವನಿದ್ದಾನೆ, ಎಲ್ಲರಿಗಿಂತ ಮೊದಲು ನಾನೇ ಇದ್ದೇನೆ. ಆದ್ದರಿಂದ ಹುಡುಗನ ಕಣ್ಣು ಕಟ್ಟಿ ಕರೆದೊಯ್ಯುವುದೆಂದು ಹೆಂಡತಿಗೆ ತಿಳಿಸಿದೆ.

"ಅಂವಾ ಕನ್ಯಾ ನೋಡಾಕ ಹೊಂಟಾನ್ರಿ, ನರಿ ನೋಡಾಕಲ್ಲ," ಎಂದಳು.

"ಇದನ್ನ ನೋಡಿದ್ರನ ಅದು ಆಗೂದು. ನೀ ಅವಲಕ್ಕಿಗೆ ಒಗ್ಗರಣಿ ಹಾಕು," ಎಂದು ಆಕೆಯ ಬಾಯಿ ಮುಚ್ಚಿಸಿದೆ.

ಭಾನುವಾರ ನಸುಕಿನಲ್ಲಿ, ಹಿಂದಿನ ದಿನವೇ ಬಂದು ಮಲಗಿದ್ದ ಚೇತನಕುಮಾರ ಕಣ್ಣು ಬಿಡುವ ಮೊದಲೇ, ಗೂಟದ ಮೇಲಿದ್ದ ಟವೆಲ್ ತೆಗೆದು ಬಿಗಿಯಾಗಿ ಕಟ್ಟಿದೆ. ಬೈಕಿನ ಹಿಂದೆ ಕೂರಿಸಿಕೊಂಡು ಹೊರಟೆ. ಎದುರಿಗೆ ಬಂದ ಹಾಲಿನವನು ಸೈಕಲ್ ಇಳಿದು, ಕಣ್ಣಿನ ಆಪರೇಷನ್ ಆಯಿತೇ ಎಂದು ಕನಿಕರದಿಂದ ಕೇಳಿದ. ಹತ್ತು ಮಾರು ಹೋಗುವಷ್ಟರಲ್ಲಿ ಹಿಂದಿನಿಂದ ಸಣ್ಣ ದನಿ.

"ಮಾವ, ಕಣ್ಣು ಉರಿಯಾಕತ್ತಾವ."

"ನಿದ್ದಿಗಣ್ಣು ಹಂಗ ಉರೀತಾವ. ಬಿಚ್ಚಬ್ಯಾಡ, ತಡಕೋ."

ತಡೆದುಕೊಂಡ, ಪುಣ್ಯಾತ್ಮ. ಮೋರಿಯ ಎದುರಿಗೆ ಗೋವಿನಜೋಳದ ಬದುವಿನ ಮೇಲೆ ಅವನನ್ನು ಕೂರಿಸಿ ಪಕ್ಕದಲ್ಲಿ ನಾನೂ ಕುಳಿತೆ. ಮೂಡಲು ಕೆಂಪಾಯಿತು. ಮೊದಲು ಎರಡು ಕಿವಿ ಕಂಡವು. ಆಮೇಲೆ ಮೂತಿ. ಆಮೇಲೆ, ಅಬ್ಬಬ್ಬಾ, ಇಡೀ ನರಿ! ಇಪ್ಪತ್ತು ಹೆಜ್ಜೆ ದೂರದಲ್ಲಿ, ಒಣಹುಲ್ಲಿನ ಬಣ್ಣದ ಮೈ ಝಾಡಿಸಿಕೊಂಡು ನೇರ ನನ್ನ ಮುಖವನ್ನೇ ನೋಡಿತು. ಹಿಂದೆಯೇ ಹೆಣ್ಣು ನರಿ, ಅದರ ಹಿಂದೆ ಮರಿಗಳು. ಒಂದು, ಎರಡು, ಮೂರು! ಒಂದು ಮರಿ ಯಾರದೋ ಹವಾಯಿ ಚಪ್ಪಲಿ ಕಚ್ಚಿಕೊಂಡು ಓಡಿತು. ಉಳಿದೆರಡು ಅದರ ಬಾಲ ಹಿಡಿಯಲು ಹೋಗಿ ಒಂದರ ಮೇಲೊಂದು ಉರುಳಿದವು. ನನ್ನ ನಲವತ್ತು ವರ್ಷದಲ್ಲಿ ಅಷ್ಟು ಚೆಂದದ್ದೇನನ್ನೂ ನಾನು ನೋಡಿರಲಿಲ್ಲ! ಹತ್ತು ನಿಮಿಷ ಕಳೆಯಿತೋ ಹದಿನೈದೋ, ಉಸಿರು ಬಿಟ್ಟೆನೋ ಇಲ್ಲವೋ ಅದೂ ಗೊತ್ತಿಲ್ಲ. ಅಷ್ಟರಲ್ಲಿ ರಸ್ತೆಯ ಮೇಲೆ ಲಾರಿಯೊಂದು ಹಾರನ್ ಹೊಡೆಯಿತು. ಇಡೀ ಸಂಸಾರ ಮೋರಿಯೊಳಗೆ ಮಾಯ.

"ಮಾವ," ಎಂದ ಚೇತನಕುಮಾರ ಪಕ್ಕದಿಂದ, "ಇನ್ನೂ ಬಂದಿಲ್ಲೇನು?"

ಅಯ್ಯೋ ದೇವರೇ! ಅವನ ಕಣ್ಣಿನ ಟವೆಲ್ ಬಿಚ್ಚುವುದನ್ನೇ ಮರೆತಿದ್ದೆ! ಗಡಿಬಿಡಿಯಲ್ಲಿ ಬಿಚ್ಚಿದೆ. ಅಂದು ಅವನ ಪಾಲಿಗೆ ಬಂದ ಮೊದಲ ಮುಖ ನನ್ನದು. ಅದೂ ಪೂರ್ತಿ ಕಾಣಲಿಲ್ಲ. ಎರಡೂ ಕಣ್ಣು ಊದಿಕೊಂಡು ನೀರು ದಳದಳ ಸುರಿಯುತ್ತಿತ್ತು. ಟವೆಲ್ ಮೂಸಿ ನೋಡಿದೆ, ಸಾಲಾಗಿ ನಾಲ್ಕು ಸೀನು ಬಂದವು. ಅಂಗಡಿಯಲ್ಲಿ ಮೆಣಸಿನಕಾಯಿ ಚೀಲ ಸುರಿಯುವಾಗ ನಾನು ಮೂಗಿಗೆ ಕಟ್ಟಿಕೊಳ್ಳುವ ಟವೆಲ್ ಅದು! ನಮ್ಮ ಬ್ಯಾಡಗಿ ಕಾಯಿಗೆ ಖಾರ ಕಮ್ಮಿ, ಬಣ್ಣ ಜಾಸ್ತಿ ಎಂದು ಪರ ಊರಿನ ಖರೀದಿದಾರರಿಗೆ ದಿನಾ ಹೇಳುವವನು ನಾನು. ಬಣ್ಣದ ಮಾತು ಖರೆ ಎಂಬುದು ಅವನ ಕಣ್ಣು ನೋಡಿದರೆ ತಿಳಿಯುತ್ತಿತ್ತು.

ಮನೆಯಲ್ಲಿ ಹೆಂಡತಿ ತಮ್ಮನ ಕಣ್ಣು ತೊಳೆದಳು, ಹಾಲಿನ ಹತ್ತಿ ಇಟ್ಟಳು, ಸೌತೆಕಾಯಿ ಇಟ್ಟಳು. ನನಗೆ ಮಾತ್ರ ಒಂದು ಮಾತೂ ಆಡಲಿಲ್ಲ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು.

ಹನ್ನೊಂದಕ್ಕೆ ಮೂವರೂ ಅಗಡಿಯಲ್ಲಿದ್ದೆವು. ಭುವನಾ ಚಹಾದ ತಾಟು ಹಿಡಿದು ಬಂದು ಎದುರಿಗೆ ಕುಳಿತಳು. ಹುಡುಗ ತಲೆ ಎತ್ತಿದ. ಕೆಂಗಣ್ಣು, ಧಾರಾಕಾರ ನೀರು! ಹುಡುಗಿಯ ತಂದೆ ಪರಮೇಶಪ್ಪ ನನ್ನನ್ನು ಪಡಸಾಲೆಯ ಮೂಲೆಗೆ ಕರೆದರು.

"ಹುಡುಗ ರಾತ್ರಿ ಎಷ್ಟು ಕುಡದಾನ್ರಿ?"

ಚಹಾ ಬಿಟ್ಟರೆ ಅವನು ಏನನ್ನೂ ಮುಟ್ಟುವವನಲ್ಲ ಎಂದು ಆಣೆ ಇಟ್ಟು ಹೇಳಿದೆ. ನಂಬಲಿಲ್ಲ. ಒಳಗೆ ಹುಡುಗಿಯ ಅಜ್ಜಿ ಗದಿಗೆವ್ವ ಆಗಲೇ ಮೊಮ್ಮಗಳಿಗೆ ಎದ್ದು ಹೋಗುವಂತೆ ಸನ್ನೆ ಮಾಡುತ್ತಿದ್ದಳು. ಏಳನೆಯದೂ ಕೈತಪ್ಪುತ್ತಿತ್ತು, ಅದೂ ನನ್ನ ಕೈಯಿಂದ! ಹೋಗಿ ನಡುಮನೆಯಲ್ಲಿ ನಿಂತು, ಟವೆಲ್ಲಿನಿಂದ ಮೋರಿಯವರೆಗೆ ಎಲ್ಲವನ್ನೂ ಒಪ್ಪಿಕೊಂಡೆ. ಮರಿಗಳ ಸುದ್ದಿ ಬಂದಾಗ ನಾಚಿಕೆಯೂ ಮರೆತುಹೋಯಿತು. ಅವು ಹೇಗೆ ಉರುಳಿದವು ಎಂದು ಜಮಖಾನೆಯ ಮೇಲೆ ಉರುಳಿಯೇ ತೋರಿಸಿದೆ!

ಭುವನಾ ಸೆರಗಿನಿಂದ ಬಾಯಿ ಮುಚ್ಚಿಕೊಂಡು, ನೇರ ಹುಡುಗನನ್ನೇ ಕೇಳಿದಳು. "ನೀವು ನೋಡಿದ್ರೇನ್ರಿ?"

ಆರು ಕಡೆ ತುಟಿ ಬಿಚ್ಚದವನು ಬಾಯಿ ತೆರೆದ. "ಇಲ್ರಿ. ಬಿಚ್ಚಬ್ಯಾಡ ಅಂದಿದ್ರು."

ಆಕೆ ತಡೆಯಲಾರದೆ ನಕ್ಕುಬಿಟ್ಟಳು. "ನಮ್ಮ ಹೊಲಕ್ಕ ದಿನಾ ಬರ್ತಾವ್ರಿ. ನಾ ತೋರಸ್ತೇನಿ."

ಗದಿಗೆವ್ವ ಮೊಮ್ಮಗಳ ಮುಖ ನೋಡಿದಳು, ಹುಡುಗನ ಕಣ್ಣು ನೋಡಿದಳು. ಇಷ್ಟು ಉರಿದರೂ ಹೇಳಿದ ಮಾತು ಮೀರದ ಹುಡುಗ ಎಲ್ಲಿ ಸಿಕ್ಕಾನು, ಸಂಬಂಧ ಗಟ್ಟಿ ಎಂದು ಸಾರಿದಳು. ನಾನು ಕಾಲರ್ ಸರಿಪಡಿಸಿಕೊಂಡೆ. ಆಗ ಅಜ್ಜಿಯ ಬೆರಳು ನನ್ನ ಕಡೆ ತಿರುಗಿತು.

"ಮದವ್ಯಾಗ ಇಂವಗ ಮಾತ್ರ ಏನೂ ಕೆಲಸ ಹಚ್ಚಬ್ಯಾಡ್ರಿ."

ಬೆಳಗಿನಿಂದ ಮುಚ್ಚಿದ್ದ ಬಾಯನ್ನು ನನ್ನ ಹೆಂಡತಿ ಆಗ ತೆರೆದಳು.

"ಹಚ್ಚೂದಿಲ್ರೀ ಅಮ್ಮಾ. ಇದನ್ನೂ ನಾವು ಹಚ್ಚಿದ್ದಿಲ್ಲ."