ಸೀಟ್ ಹಿಡಿದ ಕಾದಂಬರಿ

ಸಾಯಿಕುಮಾರನಿಗೆ ಉಳಿದಿದ್ದು ಕೊನೆಯ ಒಂದೇ ಅಧ್ಯಾಯ. ಸುಲ್ತಾನರ ಕಾಲದ ಮಾಂತ್ರಿಕನೊಬ್ಬ ರೆಕ್ಕೆಯ ಪರಿಗಳ ರಾಜ್ಯಕ್ಕೆ ಹೋಗಿ ಬರುವ ಕಾದಂಬರಿ ಅದು, ತಲೆದಿಂಬಿನಷ್ಟು ದಪ್ಪ. ಮಾಂತ್ರಿಕನನ್ನು ಸುಲ್ತಾನನಿಗೆ ಹಿಡಿದುಕೊಟ್ಟ ದ್ರೋಹಿ ಯಾರು? ಅದು ಗೊತ್ತಾಗದೆ ಅವನಿಗೆ ಊಟ ಸೇರುತ್ತಿರಲಿಲ್ಲ.

ಹಾಸ್ಟೆಲ್ ರೂಮಿನ ಕುನಾಲ ಮೊದಲೇ ಓದಿ ಮುಗಿಸಿದ್ದ.

"ಹೇಳ್ಲೇನೋ, ಯಾರಂತ?"

"ಬಾಯಿ ಬಿಟ್ಟಿ ಅಂದ್ರ ಹಲ್ಲು ಉದುರಸ್ತೀನಿ ಲೇ!"

ಕುನಾಲನ ಬಾಯಿಗೆ ಹೆದರಿ ಸಾಯಿಕುಮಾರ ಕಮಲಾಪುರದ ಸೋದರತ್ತೆಯ ಮನೆಗೆ ಹೊರಟ. ದಾರಿಯಲ್ಲೇ ಓದಿ ಮುಗಿಸುವ ಲೆಕ್ಕ.

ಕಲಬುರಗಿ ಸ್ಟ್ಯಾಂಡಿಗೆ ಬಸ್ಸು ಬಂದದ್ದೇ ತಡ, ಜನ ಕಿಟಕಿಯೊಳಗೆ ಟವೆಲ್, ಕರ್ಚೀಫು ಎಸೆದು ಸೀಟ್ ಹಿಡಿದರು. ಇವನ ಬಳಿ ಎರಡೂ ಇರಲಿಲ್ಲ. ಕಾದಂಬರಿಯನ್ನೇ ಎಸೆದ. ಅದು ಧಪ್ಪನೆ ಸೀಟಿನ ಮೇಲೆ ಬಿತ್ತು. ಆದರೆ ಬಾಗಿಲು ಗಂಜ್ ಮಾರುಕಟ್ಟೆಯ ತೊಗರಿ ಚೀಲದಂತೆ ಬಿರಿಯುತ್ತಿತ್ತು. ಇವನು ಒಂದು ಕಾಲು ಇಡುವಷ್ಟರಲ್ಲಿ ಕಂಡಕ್ಟರ್ ಮೈಬೂಬ ಸೀಟಿ ಊದಿದ. ಪುಸ್ತಕ ಹೋಯಿತು, ಓದುಗ ಉಳಿದ.

ಓಡಿ ಹೋಗಿ ಸೂಗಪ್ಪನ ಟೆಂಪೋ ಹತ್ತಿದ. "ಆ ಬಸ್ಸಿನ ಬೆನ್ನು ಹತ್ರಿ!"

"ಯಾಕ್ರೀ, ಹೆಂಡ್ತಿ ಹೋದ್ಳೇನು?"

"ಪುಸ್ತಕ ಹೋಯ್ತು."

"ಪರೀಕ್ಷಾದ್ದೇನು?"

"ಪರಿಗಳ ಕತಿ."

ಸೂಗಪ್ಪ ಆಕ್ಸಿಲರೇಟರಿನಿಂದ ಕಾಲು ತೆಗೆದುಬಿಟ್ಟ. ದಾರಿಯ ಮಹಾಗಾಂವದಲ್ಲಿ ಚಹಾವನ್ನೂ ಕುಡಿದ.

ಕಮಲಾಪುರ ಮುಟ್ಟಿದಾಗ, ಊರೂರಿಗೆ ನಿಲ್ಲುತ್ತ ಬಂದ ಬಸ್ಸು ಆಗಷ್ಟೇ ಖಾಲಿಯಾಗುತ್ತಿತ್ತು. ಸಾಯಿಕುಮಾರ ಕಿಟಕಿಯಲ್ಲಿ ಇಣುಕಿದ. ಕಾದಂಬರಿ ಸೀಟಿನ ಮೇಲೆ ಮಹಾರಾಣಿಯಂತೆ ಒಂಟಿಯಾಗಿ ಕೂತಿತ್ತು!

"ನಿಂದೇನೋ ಅದು?" ಗಂಟು ಹೊತ್ತ ಮುದುಕಿ ಅನ್ನಮ್ಮ ಸೊಂಟ ಹಿಡಿದುಕೊಂಡು ಇಳಿದಳು. "ಸರಸ್ವತಿ ಮ್ಯಾಲ ಕುಂಡ್ರಬಾರ್ದಂತ ಸೀಟ್ ಸಿಗದಾವ್ರೆಲ್ಲಾ ನಿಂತೇ ಬಂದೀವಿ ನೋಡು!"

"ಎತ್ತಿಟ್ಟು ಕುಂಡ್ರಬೇಕಿತ್ತಬೇ!"

"ಮಂದಿ ಹಿಡಿದ ಸೀಟು ಹೆಂಗ ಎತ್ತೂದು? ಕೈಲೇ ಎತ್ತಿಲ್ಲ."

ಸಾಯಿಕುಮಾರ ಒಳನುಗ್ಗಿ ಪುಸ್ತಕವನ್ನು ಎದೆಗವಚಿಕೊಂಡ. ಗುರುತಿಗಿಟ್ಟ ಹಳೆ ಟಿಕೆಟ್ ಕಡೇ ಪುಟಕ್ಕೆ ಸರಿದಿತ್ತು.

"ಇದನ್ನ ತೆರದವ್ರು ಯಾರು?"

"ನಿಂತು ನಿಂತು ಬ್ಯಾಸರಾತು. ನಮ್ಮ ಮೊಮ್ಮಗಳು ಸಪ್ನಾ ಸೀಟಿನ ಮ್ಯಾಲೇ ಹಾಳಿ ತಿರುವಿ, ಟಿಕೀಟ್ ಇದ್ದಲ್ಲಿಂದ ಜೋರಾಗಿ ಓದಿದ್ಳು. ಬಸ್ಸಿಗೆ ಬಸ್ಸೇ ಗಪ್ ಚುಪ್!" ಕಿಟಕಿಯ ಕೆಳಗೆ ನಿಂತ ಅನ್ನಮ್ಮ ಕಣ್ಣೊರೆಸಿಕೊಂಡಳು.

"ಮುಂದ ಹೇಳಬ್ಯಾಡಬೇ!" ಸಾಯಿಕುಮಾರ ಎರಡೂ ಕಿವಿ ಮುಚ್ಚಿಕೊಳ್ಳಲು ಹೋದ. ಎರಡೂ ಕೈಯಲ್ಲಿ ಕಾದಂಬರಿ ಇತ್ತು.

"ಹಡೆದವ್ವನೇ ಮಗನ್ನ ಸುಲ್ತಾನಗ ಹಿಡಿದುಕೊಟ್ಳಲ್ಲೋ! ಎಂಥಾ ಕೆಟ್ಟಾಕಿ!"

ಸಾಯಿಕುಮಾರ ಪುಸ್ತಕ ಅವಚಿಕೊಂಡೇ ಬಸ್ಸಿನಿಂದ ಇಳಿದ.

"ನಾ... ನಾ ಇನ್ನಾ ಓದಿದ್ದಿಲ್ಲಬೇ."

ಅನ್ನಮ್ಮ ಅವನನ್ನು ಮೇಲಿಂದ ಕೆಳಗೆ ನೋಡಿದಳು. "ಓದಲಾರ್ದ ಇಷ್ಟು ದಪ್ಪಂದು ಯಾಕ ಹೊತ್ಕೊಂಡು ತಿರಗ್ತಿಯೋ ಯಪ್ಪಾ?"